ಕಳೆ ಬಿತ್ತುವ ಸಾಹೇಬರು
ಊರೆಲ್ಲ ಕಳೆ ಕಿತ್ತರೆ, ನಮ್ಮ ತಳಿ ಸಂಶೋಧನಾ ಕೇಂದ್ರದ ಕಳೆ ಸಾಹೇಬರು ಮಾತ್ರ ಅದನ್ನು ಅಕ್ಕರೆಯಿಂದ ಬಿತ್ತುತ್ತಾರೆ. ಜೋಳದ ಬೇರಿಗೆ ಬಾಯಿ ಹಾಕಿ ರಸ ಹೀರುವ ಕಳೆ ಅದು. ಬೀಜ ನಶ್ಯದಷ್ಟು ನುಣ್ಣಗೆ, ಸಾಹೇಬರು ಒಂದು ಸಲ ಸೀನಿದರೆ ಮೂರು ಎಕರೆ ಬಿತ್ತನೆ ಮುಗಿಯಿತು. "ಬೇರು ರಸ ಬಿಟ್ಟು ಕರೆದರೆ ಮಾತ್ರ ಇದು ಮೊಳೆಯೋದು ಕಣ್ರೀ, ನಂಗೆ ಬಾಯಿ ಮುಚ್ಕೊಂಡಿರೋ ಜೋಳ ಬೇಕು," ಎನ್ನುತ್ತಾ ಇಪ್ಪತ್ತೆಂಟು ವರ್ಷದಿಂದ ಸಾಲು ಸಾಲು ಜೋಳವನ್ನು ಕಳೆಯ ಬಾಯಿಗೆ ಕೊಟ್ಟು, ಬದುಕಿ ಉಳಿದದ್ದಕ್ಕೆ ಬದುಕಿ ಉಳಿದದ್ದನ್ನೇ ಗಂಟು ಹಾಕುತ್ತಿದ್ದಾರೆ. "ಬಾಯಿ ಮುಚ್ಕೊಂಡಿರೋರು ಈ ಆಫೀಸಲ್ಲೇ ಒಬ್ಬರೂ ಇಲ್ಲ, ಜೋಳ ಎಲ್ಲಿಂದ ತರ್ತೀರಿ ಸಾರ್?" ಎಂದು ಗುಮಾಸ್ತರು ಕೆಣಕುತ್ತಾರೆ. ಹೊಲದಿಂದ ಹೊರಬರುವಾಗ ಒಂದು ಬೀಜವೂ ಅಂಟಿರಬಾರದೆಂದು ಸಾಹೇಬರು ಬೂಟುಗಳನ್ನು ಉಜ್ಜುವ ರಭಸಕ್ಕೆ ಅವು ವರ್ಷದೊಳಗೆ ಸವೆದು ಚಪ್ಪಲಿಯಾಗುತ್ತವೆ. ಕೆಲಸಕ್ಕೆ ಸೇರಿದ ವರ್ಷ ಒಂದೇ ಒಂದು ದಿನ ಉಜ್ಜದೆ, ಅದೇ ಬೂಟಿನಲ್ಲಿ ತಮ್ಮ ಅಕ್ಕನ ಹೊಲ ಸುತ್ತಿ ಬಂದಿದ್ದರು. ಮೂರನೇ ವರ್ಷ ಅಲ್ಲಿ ಕಳೆ ಹೂ ಬಿಟ್ಟಿತು. ಈಗ ಅಕ್ಕನ ಜೋಳ ಮೊಣಕಾಲು ದಾಟುವುದಿಲ್ಲ. ಸಾಹೇಬರ ತಳಿ ಸಿದ್ಧವಾಗಲು ಇನ್ನೂ ಆರು ವರ್ಷ ಬೇಕು. ಅಕ್ಕನಿಗೆ ಎಪ್ಪತ್ತು ದಾಟಿದೆ. ಪ್ರತಿ ಕೊಯ್ಲಿಗೂ ಆಕೆ ಫೋನ್ ಮಾಡುತ್ತಾಳೆ: "ಇಷ್ಟೊಂದು ಓದಿದೀಯಲ್ಲೋ, ನಮ್ಮ ಹೊಲಕ್ಕೆ ಈ ಪೀಡೆ ಎಲ್ಲಿಂದ ಬಂತು ಹೇಳು?" ಸಾಹೇಬರು ಕುರ್ಚಿ ಬಿಟ್ಟು ಎದ್ದು ನಿಂತು ಹೇಳುತ್ತಾರೆ: "ಗಾಳೀಲಿ ಬಂದಿರಬೇಕು, ಅಕ್ಕಾ."