ಅಮೀನಗಡದ ದಾರಿಗೆ ಶಾರವ್ವನ ಡಬ್ಬಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಇಳಕಲ್ಲಿನ ಬಣ್ಣಗಾರರ ಓಣಿಯ ಬಾಯಲ್ಲಿ, ತಗಡಿನ ಚಪ್ಪರದ ಕೆಳಗೆ, ಶಾರವ್ವ ಹಳೆಯ ಬೈಕೊಂದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಬೈಕಿನ ಸೀಟಿನ ಕೆಳಗೆ, ಎಂಜಿನ್ನಿಗಿಂತ ಗೇಣುದ್ದ ಮೇಲೆ, ಒಂದು ತಗಡಿನ ಡಬ್ಬಿಯನ್ನು ಪಟ್ಟಿ ಹಾಕಿ ಬಿಗಿದಿದ್ದಾರೆ. ಅದರ ತಳದ ಬಿರಡೆ ಬಿಚ್ಚಿ, ಒಳಗೆ ಕೂಡಿದ್ದನ್ನು ಬಟ್ಟಲಿಗೆ ಬಸಿಯುತ್ತಾರೆ. ಬಟ್ಟಲನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಾರೆ. ಮೋರಿಗೆ ಚೆಲ್ಲುತ್ತಾರೆ. ಆಮೇಲೆ ಹಿಂದಿನ ಟೈರಿನ ಮೇಲೆ ಬರಿಗೈ ಆಡಿಸಿ, ಆ ಕೈಯನ್ನು ಮೂಗಿಗೆ ಹಿಡಿಯುತ್ತಾರೆ.

ಬೈಕು ಮಗ ದುಂಡೇಶನದು. ಅವನಿಗೆ ಇಪ್ಪತ್ತೆರಡು ವರ್ಷ. ಬಣ್ಣ ಹಾಕಿದ ನೂಲನ್ನು ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿಸಿ ಸೂಳೇಭಾವಿಯ ನೇಕಾರರಿಗೆ ಮುಟ್ಟಿಸುವುದು ಅವನ ಕೆಲಸ. ಅವನು ಹೊರಗೆ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಸೀಟಿಗೆ ಕಟ್ಟುತ್ತಾನೆ.

“ಮುಗೀತೇನ್ ಬೇ?”

“ಮುಗೀತು. ಸಾವಕಾಶ ಹೋಗು.”

“ಸಾವಕಾಶ ಹೋಗಿ ಹೋಗಿ ಗಾಡಿಗೇ ನಿದ್ದಿ ಬರಾಕತ್ತೈತಿ,” ಎಂದು ನಗುತ್ತ ಒದ್ದು ಚಾಲೂ ಮಾಡುತ್ತಾನೆ. ಸದ್ದು ಓಣಿ ದಾಟುವವರೆಗೂ ಶಾರವ್ವ ಕೂತಲ್ಲಿಂದ ಏಳುವುದಿಲ್ಲ. ಎಂಟು ವರ್ಷದ ಹಿಂದೆ ಇದೇ ದಾರಿಯಲ್ಲಿ, ಇದೇ ಕೆಲಸಕ್ಕೆ ಹೋದ ಅವನಪ್ಪ ನೀಲಪ್ಪ ತಿರುಗಿ ಬರಲಿಲ್ಲ.

ಶಾರವ್ವ ಮಾಡುವುದು ಒಂದೇ ರಿಪೇರಿ. ಓಡುವ ಎಂಜಿನ್ನಿನೊಳಗೆ ಬಿಸಿ ಹಬೆ ಏಳುತ್ತದೆ. ಒಂದು ರಬ್ಬರ್ ಪೈಪು ಆ ಹಬೆಯನ್ನು ಗಾಳಿ ಸೋಸುವ ಪೆಟ್ಟಿಗೆಗೆ ಒಯ್ಯುತ್ತದೆ. ಹೊಸ ಗಾಡಿಗೆ ಇದರಿಂದ ತೊಂದರೆಯಿಲ್ಲ. ಸವೆದ ಎಂಜಿನ್ನಿನ ಮೇಲೆ ಎರಡು ಆಳಿನ ಭಾರ ಹೇರಿದರೆ ಹಬೆಯ ಜೊತೆ ಎಣ್ಣೆಯೂ ಹೋಗುತ್ತದೆ. ಪೆಟ್ಟಿಗೆ ತೊಯ್ದು, ಎಣ್ಣೆ ಬದಿಯಿಂದ ಒಸರಿ, ಪಕ್ಕದಲ್ಲಿ ಜೋತ ನೂಲಿನ ಗಂಟಿಗೆ ತಾಗುತ್ತದೆ. ಬಣ್ಣದ ನೂಲಿಗೆ ಬಿದ್ದ ಎಣ್ಣೆಕಲೆ ಹೋಗುವುದಿಲ್ಲ. ಕಲೆ ತಂದವನ ಕೈಗೆ ಮಾಲೀಕರು ಇನ್ನೊಂದು ಗಂಟು ಕೊಡುವುದಿಲ್ಲ.

ಅದಕ್ಕೆ ನೂಲು ಸಾಗಿಸುವವರು ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಪೈಪನ್ನು ಪೆಟ್ಟಿಗೆಯಿಂದ ಕಿತ್ತು, ಬಾಯಿಯನ್ನು ಹಿಂದಕ್ಕೆ, ಕೆಳಕ್ಕೆ ತಿರುಗಿಸಿ ತಂತಿಯಿಂದ ಕಟ್ಟುತ್ತಿದ್ದರು. ನೂಲು ಉಳಿಯುತ್ತಿತ್ತು. ಎಣ್ಣೆ ಹಿಂದಿನ ಟೈರಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಆ ಶ್ರಾವಣದಲ್ಲಿ, ಅಮೀನಗಡ ಇನ್ನೂ ಮುಂದಿರುವಾಗ ಬರುವ ತಿರುವಿನಲ್ಲಿ ನೀಲಪ್ಪನ ಬೈಕು ಜಾರಿತು. ಗಂಟು ರಸ್ತೆ ಬದಿಯ ಹುಲ್ಲಿನ ಮೇಲೆ ಬಿದ್ದಿತ್ತು. ಒಂದು ಕಲೆಯೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬರು ಅದನ್ನು ಸೂಳೇಭಾವಿಗೆ ಮುಟ್ಟಿಸಿದರು.

“ಆ ನೂಲು ಸೀರಿ ಆಗಿರ್ಬೇಕ್ರಿ,” ಎನ್ನುತ್ತಾರೆ ಶಾರವ್ವ. “ಯಾರೋ ಉಟ್ಟಿರಬೇಕು. ಉಡ್ಲಿ.”

ಊರು ಒಂದೊಂದು ಮಾತು ಆಡಿತು. ಜೋರಾಗಿ ಹೊಡೆದ ಅಂದಿತು, ತೂಕಡಿಸಿದ ಅಂದಿತು, ಹಣೆಬರಹ ಅಂದಿತು. ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಂದ ಮೆಕ್ಯಾನಿಕ್ ನಜೀರಸಾಬ ಮಾತ್ರ ಹಿಂದಿನ ಟೈರನ್ನು ಸವರಿ, ಎಣ್ಣೆ ಹತ್ತಿದ ಅಂಗೈಯನ್ನು ಶಾರವ್ವನ ಮುಂದೆ ಹಿಡಿದರು. “ನೋಡ ತಂಗಿ, ಜೋರೂ ಅಲ್ಲ, ನಿದ್ದಿನೂ ಅಲ್ಲ. ಇದು.”

ಶಾರವ್ವ ಆವರೆಗೆ ಮನೆಯಲ್ಲಿ ಕೂತು ನೇಕಾರರಿಗೆ ಲಾಳಿಯ ನೂಲಿನ ಕಂಡಿಕೆ ಸುತ್ತುತ್ತಿದ್ದವರು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಜೀರಸಾಬರ ಗ್ಯಾರೇಜಿಗೆ ಹೋಗಿ, ಆ ಪೈಪನ್ನು ಎಲ್ಲಿ ಹಾಕಿದರೆ ನೂಲೂ ಉಳಿದು ಮನುಷ್ಯನೂ ಉಳಿಯುತ್ತಾನೆ ಎಂದು ಕೇಳಿದರು. ನಜೀರಸಾಬ ಈಗ ಕೆಲಸ ಬಿಟ್ಟಿದ್ದಾರೆ. ಬೆಳಗಿನ ಚಹಾಕ್ಕೆ ಶಾರವ್ವನ ಚಪ್ಪರಕ್ಕೇ ಬರುತ್ತಾರೆ. “ಎಂಟು ವರ್ಷ ಆತ್ರಿ, ಇನ್ನೂ ಕ್ಲಚ್ ವೈರ್ ಹಾಕಾಕ ಬರೂದಿಲ್ಲ ಈಕಿಗೆ,” ಎಂದು ಚಾಡಿ ಹೇಳುತ್ತಾರೆ.

“ಹಾಕಾವ್ರು ಭಾಳ ಮಂದಿ ಅದಾರ. ನನಗ ಅದ್ಯಾಕ ಬೇಕು?” ಎನ್ನುತ್ತಾರೆ ಶಾರವ್ವ.

ಡಬ್ಬಿಗಳು ಓಣಿಯ ಬಣ್ಣಗಾರರಲ್ಲಿ ಸಿಗುತ್ತವೆ. ಬಣ್ಣದ ಪುಡಿ ಖಾಲಿಯಾದ ಗಟ್ಟಿ ತಗಡಿನ ಡಬ್ಬಿಗಳು ಅವು. ಶಾರವ್ವ ಅವನ್ನು ತೊಳೆದು, ಎರಡು ತೂತು ಕೊರೆದು, ಗಿಡ್ಡ ನಳಿಗೆ ಬೆಸುಗೆ ಹಾಕಿಸಿ, ಒಳಗೆ ಪಾತ್ರೆ ತಿಕ್ಕುವ ಉಕ್ಕಿನ ಜುಂಗು ತುಂಬುತ್ತಾರೆ. ಎಂಜಿನ್ನಿನಿಂದ ಬಂದ ಹಬೆ ಆ ಜುಂಗಿಗೆ ತಾಗಿ ಎಣ್ಣೆಯನ್ನು ಅಲ್ಲೇ ಬಿಡುತ್ತದೆ. ಉಳಿದ ಗಾಳಿ ಎರಡನೆಯ ನಳಿಗೆಯಿಂದ ಪೆಟ್ಟಿಗೆಗೆ ಹೋಗುತ್ತದೆ. ತಳದಲ್ಲಿ ಕೂಡಿದ ಎಣ್ಣೆಯನ್ನು ಆಗಾಗ ಬಿರಡೆ ಬಿಚ್ಚಿ ತೆಗೆಯಬೇಕು.

“ಪೈಪ ಎಲ್ಲೂ ಜೋಲಬಾರದ್ರಿ. ಏರಿಕೋತ ಹೋಗಬೇಕು. ಜೋತಲ್ಲಿ ನೀರು ನಿಂದರತೈತಿ. ಅದು ದಾರಿ ಕಟ್ಟಿದ್ರ ಎಂಜಿನ್ ಸುಮ್ಮ ಕುಂದರೂದಿಲ್ಲ, ಬ್ಯಾರೆ ಕಡೆ ಎಣ್ಣಿ ಕಾರ್ತೈತಿ.”

ದಿನಕ್ಕೆ ಎರಡು ಮೂರು ಗಾಡಿ ಬರುತ್ತವೆ. ಹೆಚ್ಚಿನವು ನೂಲಿನವರವು. ಬಾದಾಮಿ ಕಡೆಯಿಂದ ರವಿಕೆಯ ಕಣದ ಬಟ್ಟೆ ಹೊರುವವರೂ, ಒಮ್ಮೊಮ್ಮೆ ಬಾಗಲಕೋಟೆಯ ನವನಗರದವರೂ ಬರುತ್ತಾರೆ. ಎಣ್ಣೆ ಹಿಡಿದ ಬೆರಳುಗಳು ಚಳಿಗಾಲದಲ್ಲಿ ಸೀಳುತ್ತವೆ. ಹಬ್ಬಕ್ಕೆ ಕರೆದ ಮನೆಯಲ್ಲಿ ಒಮ್ಮೆ, ಹೊಸ ಸೀರೆ ಮುಟ್ಟಬೇಡ ಎಂದು ಯಾರೋ ನಗುತ್ತಲೇ ಅಂದರು. ಆ ಮನೆಗೆ ಶಾರವ್ವ ಮತ್ತೆ ಹೋಗಿಲ್ಲ.

ಬಿಸಿಲು ಚಪ್ಪರದೊಳಗೆ ಬರುವ ಹೊತ್ತಿಗೆ ಕೆರೂರಿನ ಧರ್ಮರಾಜ ಬರುತ್ತಾನೆ. ಬಟ್ಟೆಗಂಟು ಹೊತ್ತ ಅವನ ಬೈಕು ಏದುತ್ತಿದೆ. ಪೆಟ್ಟಿಗೆಯೊಳಗಿನ ಸೋಸುವ ಬತ್ತಿಯನ್ನಷ್ಟೇ ಬದಲಿಸಿಕೊಂಡು ಹೋಗಬೇಕೆಂದು ಬಂದವನು. ಶಾರವ್ವ ಬಗ್ಗಿ ನೋಡಿದವರೇ, ಪ್ಲಗ್ಗಿನ ಕ್ಯಾಪು ಕಿತ್ತು ಸೊಂಟದ ಸಂಚಿಗೆ ಹಾಕಿಕೊಳ್ಳುತ್ತಾರೆ. ಇನ್ನು ಗಾಡಿ ಚಾಲೂ ಆಗುವುದಿಲ್ಲ.

“ಏ ಯವ್ವಾ, ಕ್ಯಾಪ್ ಕೊಡು! ನನಗ ಹೊತ್ತಾತು.”

“ಪೈಪ ಹಿಂದಕ್ಕ ತಿರುವಿ ಕಟ್ಟಿದಾವ ಯಾರು?”

“ನಾನ ಕಟ್ಟೇನಿ. ಮಸ್ತ್ ಐತಲ್ಲ?”

“ಮಸ್ತ್ ಐತಿ. ಚಟ್ಟಾ ಕಟ್ಟಿದಾಂಗ ಐತಿ.”

ನಜೀರಸಾಬ ಕೆಮ್ಮಿಕೊಂಡು ನಗುತ್ತಾರೆ. “ಕುಂದರಲೇ ತಮ್ಮಾ. ಆಕಿ ಕೊಡೂದಿಲ್ಲ. ಚಾ ಕುಡಿ.”

“ಈ ಡಬ್ಬಿ ನೇತಾಕ್ಕೊಂಡು ಹ್ವಾದ್ರ ಕೆರೂರಾಗ ಮಂದಿ, ಹಾಲು ಹಾಕಾಕ ಚಾಲೂ ಮಾಡಿದೇನಲೇ ಅಂತಾರ.”

“ಅಂದಾವ್ರಿಗೆ ಒಂದೊಂದು ಲೀಟರ್ ಕೊಡು,” ಎನ್ನುತ್ತಾರೆ ಶಾರವ್ವ, ತಂತಿ ಕತ್ತರಿಸುತ್ತ.

ಧರ್ಮರಾಜ ಕಟ್ಟೆಯ ಮೇಲೆ ಕೂರುತ್ತಾನೆ. ಸೋತರೂ ಬಿಡುವವನಲ್ಲ. “ಆತು, ಹಾಕು. ಖರೆ ಇದರ ಭರೋಸಾ ಏನು? ನಿನ್ನ ಮನ್ಯಾಗ ಯಾರರ ಇದರ ಮ್ಯಾಲ ಹೋಗ್ತಾರೇನು?”

ಈ ಪ್ರಶ್ನೆಗೆ ಶಾರವ್ವನ ಬಳಿ ಒಂದು ಉತ್ತರವಿತ್ತು. ಮಗ ನೂಲಿನ ಕೆಲಸ ಹಿಡಿದ ಮೇಲೆ ಅದನ್ನು ಎಷ್ಟು ಜನರಿಗೆ ಹೇಳಿದ್ದಾರೋ. “ನನ್ನ ಮಗಾ ದಿನಾ ಹೋಗ್ತಾನ, ಅವರಪ್ಪ ಬಿದ್ದ ದಾರ್ಯಾಗ.” ಅದನ್ನು ಕೇಳಿದವರು ಡಬ್ಬಿ ಹಾಕಿಸಿಕೊಂಡೇ ಹೋಗುತ್ತಿದ್ದರು. ಇವತ್ತು ಶಾರವ್ವ ತಲೆ ಎತ್ತುವುದಿಲ್ಲ. ಪೈಪಿನ ಕ್ಲಿಪ್ಪನ್ನು ಬಿಗಿಯುತ್ತಲೇ ಇರುತ್ತಾರೆ. ನಜೀರಸಾಬ ಚಹಾದ ಗ್ಲಾಸಿನೊಳಗೆ ನೋಡುತ್ತಾರೆ.

“ನಿನ್ನ ಟೈರ್ ನೀ ನೋಡ್ಕೊ,” ಎಂದಷ್ಟೇ ಹೇಳಿ ಶಾರವ್ವ ಕ್ಯಾಪು ಕೊಡುತ್ತಾರೆ.

ಅವನು ಹೋದ ಮೇಲೆ, ಕೈ ಒರೆಸಿಕೊಳ್ಳುತ್ತ, ಆ ಉತ್ತರವನ್ನು ಯಾಕೆ ಬಿಟ್ಟರೆಂಬುದನ್ನು ಶಾರವ್ವ ತಾವಾಗಿಯೇ ಹೇಳುತ್ತಾರೆ.

ಪುಷ್ಯ ಮಾಸ ಹಿಡಿದಾಗಿನಿಂದ ದುಂಡೇಶನ ಡಬ್ಬಿಯಲ್ಲಿ ಬೀಳುವುದು ಕರಿ ಎಣ್ಣೆಯಲ್ಲ. ಬೆಳ್ಳಗೆ, ಮಜ್ಜಿಗೆಯಂತೆ ಬೀಳುತ್ತದೆ. ದೂರ ಓಡಿದ ಎಂಜಿನ್ನು ಚೆನ್ನಾಗಿ ಕಾದು ನೀರಿನ ಪಸೆಯನ್ನು ಆರಿಸುತ್ತದೆ. ಚಳಿಯಲ್ಲಿ ಸ್ವಲ್ಪವೇ ಓಡಿ ನಿಂತ ಎಂಜಿನ್ನಿನಲ್ಲಿ ಆ ಪಸೆ ಎಣ್ಣೆಯೊಡನೆ ಕಲೆತು ಬೆಳ್ಳಗಾಗುತ್ತದೆ. ಸೂಳೇಭಾವಿಗೆ ಹೋಗಿಬರುವ ಗಾಡಿಯಲ್ಲಿ ಅದು ಬರಬಾರದು. ಶಾರವ್ವ ಮೊದಲು ತಮ್ಮ ಕೆಲಸವನ್ನೇ ಅನುಮಾನಿಸಿದರು. ಡಬ್ಬಿ ಬದಲಿಸಿದರು, ಪೈಪು ಬದಲಿಸಿದರು. ಗಾಡಿಗೆ ನೀರು ಹೊಡೆಯಬೇಡವೆಂದು ಮಗನಿಗೆ ಬೈದರು. ಬಿಳಿ ಹೋಗಲಿಲ್ಲ.

ಪೈಪು ತರಲು ಪೇಟೆಗೆ ಹೋದ ಒಂದು ದಿನ ಬಸ್ ನಿಲ್ದಾಣದ ಪಕ್ಕದ ಗಾಡಿ ನಿಲ್ಲಿಸುವ ಜಾಗದಲ್ಲಿ ಮಗನ ಬೈಕು ಕಂಡಿತು. ಗಂಟು ಇರಲಿಲ್ಲ. ಎಂಜಿನ್ ಮುಟ್ಟಿದರು. ತಣ್ಣಗಿತ್ತು. ಕಾಯುವವನನ್ನು ಕೇಳಿದರು. “ಏ, ದಿನಾ ಇಲ್ಲೇ ಬಿಟ್ಟು ಬಸ್ಸಿಗೆ ಹೋಗ್ತಾನಲ್ರಿ ನಿಮ್ಮ ಹುಡುಗಾ. ಗಂಟು ತೊಡಿಮ್ಯಾಲ ಇಟ್ಕೊಂಡು,” ಎಂದ ಅವನು.

ದೀಪಾವಳಿಯ ಸುಮಾರಿಗೆ, ಅಪ್ಪ ಬಿದ್ದ ಅದೇ ತಿರುವಿನಲ್ಲಿ ಒಂದು ಗಾಡಿ ಬಿದ್ದದ್ದನ್ನು ದುಂಡೇಶ ಕಂಡಿದ್ದ. ಮನೆಗೆ ಬಂದು ಹೇಳಿರಲಿಲ್ಲ. ನೂಲಿನ ಹುಡುಗರು ಆಮೇಲೆ ಶಾರವ್ವನಿಗೆ ಹೇಳಿದರು. ಬಸ್ಸಿನಲ್ಲಿ ಹೋದರೆ ತಡವಾಗುತ್ತದೆ. ಮಾಲೀಕರು ಈಗಾಗಲೇ ಅವನ ಒಂದು ಗಂಟನ್ನು ಬೇರೆಯವರಿಗೆ ಕೊಡತೊಡಗಿದ್ದಾರೆ. ಸಂಜೆ ಅವನು ಬೈಕಿನ ಮೇಲೆಯೇ ಮನೆಗೆ ಬರುತ್ತಾನೆ. ಟೈರಿಗೆ ಎಲ್ಲಿಯದೋ ಕೆಂಪು ಮಣ್ಣು ಮೆತ್ತಿರುತ್ತಾನೆ. ಅಮೀನಗಡದಲ್ಲಿ ಟ್ರ್ಯಾಕ್ಟರು ಅಡ್ಡ ನಿಂತಿತ್ತು ಎಂದೋ, ಹುನಗುಂದದಲ್ಲಿ ಗಾಳಿ ಹಾಕಿಸಿಕೊಂಡೆ ಎಂದೋ ಉಣ್ಣುತ್ತ ಹೇಳುತ್ತಾನೆ. ಶಾರವ್ವ ಹೂಂ ಅನ್ನುತ್ತಾರೆ.

“ಓಣಿ ಮಂದಿಗೆಲ್ಲಾ ಗೊತ್ತೈತ್ರಿ. ಗೊತ್ತಿಲ್ಲದಾಂಗ ಇರಾವ್ರು ನಾವಿಬ್ಬರ. ಮಾರಿ ನೋಡಿ ಹೇಳಿದ್ನೆಂದ್ರ ಹಟಕ್ಕ ಬಿದ್ದು ಮರುದಿನಾನ ಗಾಡಿ ತಗೊಂಡು ಹೋಗ್ತಾನ. ಅವರಪ್ಪನ ಹಟಾನ ಐತಿ.” ಕೈ ಒರೆಸಿದ ಬಟ್ಟೆಯನ್ನು ಮಡಚಿಡುತ್ತಾರೆ. “ಊರ ಮಂದಿ ಎಲ್ಲಾ ನನ್ನ ಡಬ್ಬಿ ನಂಬಿ ಹೋಗ್ತಾರ. ಮನ್ಯಾಗಿನಾವ ನಂಬಲಿಲ್ಲ ಅಂತ ಒಂದೀಟು ಸಂಕಟ ಆಕ್ಕೈತಿ. ಬಸ್ಸಿನ್ಯಾಗ ಕುಂತಾನ ಅಂತ ಜೀವಾ ತಣ್ಣಗೂ ಆಕ್ಕೈತಿ. ಎರಡೂ ಖರೆನ ಅದಾವ.”

ಇದನ್ನೆಲ್ಲ ಪೇಪರಿನಲ್ಲಿ ಅಚ್ಚು ಹಾಕಬಹುದೇ ಎಂದು ಕೇಳಿದರೆ, ಹಾಕಲೇಬೇಕು, ಹೆಸರೂ ಇರಲಿ ಎನ್ನುತ್ತಾರೆ. ರವಿವಾರದ ಪೇಪರನ್ನು ದುಂಡೇಶ ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ. ಓದುವಾಗ ಅವನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಹಾಗಾದರೆ ಅವನಿಗೆ ಏನೆಂದು ಬರೆಯಬೇಕು?

ಶಾರವ್ವ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸುತ್ತಾರೆ.

“ಪೈಪ ಸರಿ ಐತಿ ಅಂತ ಬರೀರಿ. ಗಾಡಿ ಮ್ಯಾಲ ಹೋಗು ಅಂತ ಮಾತ್ರ ಬರೀಬ್ಯಾಡ್ರಿ.”