ಬರೀ ಉಷ್ಣ ಎಂದಿದ್ದೆ

ನಿನ್ನ ಎಡಗಣ್ಣು ಹೋದದ್ದು ನೀನು ಉಜ್ಜಿಕೊಂಡಿದ್ದರಿಂದ ಅಲ್ಲ, ಸಿಂಚನ. ನಾನು ಹೇಳಿದ ಒಂದು ಸುಳ್ಳಿನಿಂದ.

ಇದನ್ನು ಮೊದಲೇ ಹೇಳಿಬಿಟ್ಟೆ. ಸುತ್ತಿ ಬಳಸಿ ಶುರುಮಾಡಿದರೆ ನಾನು ನಡುವೆ ಎಲ್ಲೋ ನುಣುಚಿಕೊಳ್ಳುತ್ತೇನೆ — ನನ್ನ ನಾಲಿಗೆಯ ಚಾಳಿ ನನಗೆ ಗೊತ್ತು. ಎದುರಿಗೆ ಕೂತು ಹೇಳಬಹುದಿತ್ತು. ಆದರೆ ಹೇಳುವಾಗ ನನಗೆ ಅಳು ಬರುತ್ತದೆ, ನಾನು ಅತ್ತರೆ ನೀನು ‘ಓಗ್ಲಿ ಬಿಡು ಅತ್ತೆ’ ಎಂದು ನನ್ನ ಬೆನ್ನು ಸವರುತ್ತೀಯ. ಆ ಸಮಾಧಾನ ನನಗೆ ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಿನಗೆ ಒಂಬತ್ತು ವರ್ಷ. ನಾನಿನ್ನೂ ದುದ್ದದ ಮನೆಯಲ್ಲೇ ಇದ್ದೆ — ನಿನ್ನಪ್ಪನ ತಂಗಿ, ಚನ್ನರಾಯಪಟ್ಟಣದ ಕಡೆಗೆ ಮದುವೆ ಗೊತ್ತಾಗಿದ್ದ ಹುಡುಗಿ. ಅದಕ್ಕೂ ಮೊದಲು ಬಂದ ಸಂಬಂಧಗಳು ಒಂದೊಂದು ನೆಪಕ್ಕೆ ಮುರಿದುಹೋಗಿದ್ದವು. ‘ಇದೂ ತಪ್ಪೋದ್ರೆ ಇವ್ಳು ಮನೇಲೇ ಇರೋದು’ ಎಂದು ಅವ್ವ ನನಗೆ ಕೇಳಿಸಲೆಂದೇ ಹೇಳುತ್ತಿದ್ದಳು.

ಅದೇ ವರ್ಷ ನಿನಗೆ ಹೊಟ್ಟೆ ಕೆಟ್ಟಿತ್ತು. ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆ. ರಕ್ತ ಹೋಗುತ್ತಿತ್ತು. ಕೈಕಾಲು ಕಡ್ಡಿಯ ಹಾಗಾಗಿದ್ದವು. ಅವ್ವ ನಿನ್ನ ನೆತ್ತಿಗೆ ಹರಳೆಣ್ಣೆ ತಟ್ಟಿ ‘ಉಷ್ಣ ಕಣ’ ಎಂದಳು. ಹಾಸನದ ಡಾಕ್ಟರು ಉಷ್ಣವಲ್ಲ, ದೊಡ್ಡ ಕರುಳಿನಲ್ಲಿ ಊತ ಇದೆ, ಹುಣ್ಣಾಗಿದೆ, ವರ್ಷಗಟ್ಟಲೆ ಔಷಧಿ ಬೇಕು ಎಂದರು. ಅವತ್ತು ಸಂಜೆ ನಿನ್ನಪ್ಪ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದು ಇಷ್ಟು:

“ಮದ್ವೆ ಮುಗಿಯೋಗಂಟ ಇದು ಹೊಸ್ಲು ದಾಟ್ಬಾರ್ದು. ವಂಶದ ಕಾಯ್ಲೆ ಅಂದ್ಬುಟ್ರೆ ಮುಗೀತು. ಯಾರಾರ ಕೇಳುದ್ರೆ ಉಷ್ಣ ಅನ್ನಿ.”

ಉಷ್ಣ — ನಮ್ಮಲ್ಲಿ ಅದು ಎಂಥ ಅನುಕೂಲದ ಮಾತು ಎಂದು ನಿನಗೂ ಗೊತ್ತು. ಭೇದಿಯಾದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ಕಣ್ಣು ಕೆಂಪಾದರೂ ಉಷ್ಣ. ಕೇಳಿದವರು ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಎಳನೀರು ಕುಡಿಸಿ, ಮೆಂತ್ಯ ನೆನೆಹಾಕಿ ಕೊಡಿ ಎಂದು ಹೇಳಿ ಎದ್ದು ಹೋಗುತ್ತಾರೆ.

ಮದುವೆಗೆ ಇನ್ನು ಕೆಲವೇ ವಾರ ಇರುವಾಗ ನಿನ್ನ ಎಡಗಣ್ಣು ಕೆಂಪಾಯಿತು. ಗೀಜಿಲ್ಲ, ತುರಿಕೆ ಅಷ್ಟಕ್ಕಷ್ಟೆ — ನೋವು ಮಾತ್ರ. ಬಿಸಿಲಿಗೆ ಬಂದರೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಕಣ್ಣು ಬಂದಿದೆ ಎಂದುಕೊಂಡೆವು. ಮನೆಗೆ ಸುಣ್ಣ ಹೊಡೆಸುತ್ತಿದ್ದರು, ನಿನ್ನಮ್ಮನಿಗೆ ಕೈ ಬಿಡುವಿರಲಿಲ್ಲ. “ಸವಿತಾ, ರವಿಕೆ ಅಳತೆ ಕೊಡಕ್ಕೆ ಎಂಗೂ ಹಾಸನಕ್ಕೆ ಓಯ್ತಾ ಇದ್ದೀಯಲ್ಲ, ಇವಳ ಕಣ್ಣೂ ತೋರುಸ್ಕೊಂಡು ಬಂದ್ಬುಡು” ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ಹುಡುಗನ ಚಿಕ್ಕಮ್ಮ ಕಾಯುತ್ತಿದ್ದರು, ನನ್ನ ಜೊತೆ ದರ್ಜಿಯ ಅಂಗಡಿಗೆ ಬರಲು. ಅವರ ಮೇಲೆ ನಾನು ಒಂದು ಮಾತೂ ಹೊರಿಸುವುದಿಲ್ಲ, ಒಳ್ಳೆಯ ಹೆಂಗಸು. ನಿನ್ನ ಕಣ್ಣು ನೋಡಿ ಅಯ್ಯೋ ಎಂದು ಹತ್ತಿರ ಎಳೆದುಕೊಂಡರು. “ಮೊದ್ಲು ಆಸ್ಪತ್ರೆಗೆ ನಡಿ, ನಾನೂ ಬತ್ತೀನಿ. ಇನ್ಮೇಲೆ ಇದು ನಮ್ಮ ಮಗೂನೇ ಅಲ್ವಾ” ಎಂದು ಕಣ್ಣಿನ ಡಾಕ್ಟರ ಕೋಣೆಯ ಒಳಗೂ ಬಂದು ಕೂತರು.

ಡಾಕ್ಟರು ನಿನ್ನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದು ಕಣ್ಣು ಬಂದಿರೋದಲ್ಲಮ್ಮ. ಕಣ್ಣಿನ ಒಳಗಡೆ ಊತ. ಮಕ್ಕಳಿಗೆ ಹೀಗಾದ್ರೆ ಮೈಯಲ್ಲಿ ಬೇರೆ ಕಾಯಿಲೆ ಇರೋದುಂಟು. ಕೀಲು ನೋವು, ಹೊಟ್ಟೆ ಕೆಡೋದು, ಮಲದಲ್ಲಿ ರಕ್ತ — ಏನಾದ್ರೂ ಇದೆಯಾ?”

ಅಷ್ಟು ಸರಿಯಾದ ಪ್ರಶ್ನೆಯನ್ನು ನನ್ನನ್ನು ಇನ್ಯಾರೂ ಕೇಳಿಲ್ಲ. ಕಣ್ಣಿನ ಡಾಕ್ಟರಿಗೆ ಹೊಟ್ಟೆಯ ಉಸಾಬರಿ ಯಾಕೆ ಎಂದು ಮನಸ್ಸಿಗೆ ಬಂತು. ಪಕ್ಕದಲ್ಲಿ ಚಿಕ್ಕಮ್ಮ. ನೀನು ಹೇಳಲು ಬಾಯಿ ತೆರೆದೆ — ನೆನಪಿದೆಯೋ ಇಲ್ಲವೋ ನಿನಗೆ — ನಾನು ಲಂಗದ ಮೇಲಿಂದಲೇ ನಿನ್ನ ತೊಡೆ ಚಿವುಟಿದೆ.

“ಏನೂ ಇಲ್ಲ ಸಾ. ಉಷ್ಣ ಅಷ್ಟೆ.”

“ನಾನೂ ಅದೇ ಅಂದ್ಕೊಂಡೆ ಸಾ” ಎಂದರು ಚಿಕ್ಕಮ್ಮ. ಹೊರಗೆ ಬಂದ ಮೇಲೆ ನಿನಗೆ ಎಳನೀರು ಕೊಡಿಸಿದರು. ನೀನು ಕುಡಿಯುತ್ತಾ ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಿದ್ದೆ.

ಡಾಕ್ಟರು ಹನಿ ಔಷಧಿ ಬರೆದುಕೊಟ್ಟು, ಕೆಂಪು ಹೋದರೂ ವಾರ ಬಿಟ್ಟು ಕರೆದುಕೊಂಡು ಬರಲೇಬೇಕು ಎಂದು ಒತ್ತಿ ಹೇಳಿದ್ದರು. ಕೆಂಪು ಹೋಯಿತು. ನಾವು ಹೋಗಲಿಲ್ಲ. ಒಳಗಿನ ಊತ ಸದ್ದಿಲ್ಲದೆ ಹಾಗೇ ಇತ್ತು — ಬೂದಿಯೊಳಗಿನ ಕೆಂಡ ಇರುತ್ತದಲ್ಲ, ಹಾಗೆ.

ಚಿಕ್ಕಮ್ಮ ಪಕ್ಕದಲ್ಲಿದ್ದರು, ನಾನೇನು ಮಾಡಲಿ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು ನೆಪ. ಮಾರನೆಯ ದಿನ ಒಬ್ಬಳೇ ಬಸ್ಸು ಹತ್ತಿ ಹೋಗಿ ಹೇಳಬಹುದಿತ್ತು. ದುದ್ದದಿಂದ ಹಾಸನ ಏನು ಕಾಶಿಯೇ? ಹೋಗಲಿಲ್ಲ. ಅವತ್ತು ನಿನ್ನ ಕಣ್ಣಿಗಿಂತ ನನಗೆ ನನ್ನ ಮದುವೆ ದೊಡ್ಡದಾಗಿತ್ತು. ಇಷ್ಟೇ ವಿಷಯ. ಇದಕ್ಕೆ ಬೇರೆ ಬಣ್ಣ ಬಳಿಯಲು ನನಗೆ ಇಷ್ಟವಿಲ್ಲ.

ನನ್ನ ಮದುವೆಯ ವಿಡಿಯೋದಲ್ಲಿ ನೀನಿದ್ದೀಯ. ಹಸಿರು ಲಂಗ, ಮೊಣಕಾಲುದ್ದದ ಕುಚ್ಚಿನ ಜಡೆ. ವಿಡಿಯೋದವನ ಲೈಟು ನಿನ್ನ ಕಡೆ ತಿರುಗುತ್ತಲೂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತೀಯ. ‘ನಾಚ್ಕೆ ನೋಡು ಇವಳ್ಗೆ’ ಎಂದು ಯಾರೋ ನಗುವುದು ಕೇಳಿಸುತ್ತದೆ. ಅದು ನಾಚಿಕೆಯಾಗಿರಲಿಲ್ಲ, ನೋವು. ಹಸೆಮಣೆಯ ಮೇಲೆ ಕೂತಿದ್ದ ನನಗೆ ಅದು ಗೊತ್ತಾಗಿತ್ತು. ನಾನೂ ನಕ್ಕಿದ್ದೇನೆ, ವಿಡಿಯೋದಲ್ಲಿದೆ.

ಆಮೇಲೊಂದು ದಿನ ನಿನ್ನಮ್ಮ ತಲೆಗೆ ಸೀಗೆಪುಡಿ ಹಾಕುವಾಗ ನಿನ್ನ ಬಲಗಣ್ಣಿಗೆ ಬಿತ್ತು. ನೀನು ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣು ಬಿಟ್ಟುಕೊಂಡೇ ‘ಅಮ್ಮ, ಕತ್ಲೆ ಆಗೋಯ್ತು’ ಎಂದೆಯಂತೆ. ನಿನ್ನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಪಾಪೆ ದುಂಡಗಿಲ್ಲ, ಹಿಂದಕ್ಕೆ ಅಂಟಿಕೊಂಡಿದೆ, ಒತ್ತಡ ಏರಿ ನರ ಹಾಳಾಗಿದೆ ಎಂದರು. ಕರುಳಿನ ಊತ ಇರುವ ಕೆಲವು ಮಕ್ಕಳಿಗೆ ಕಣ್ಣಿನಲ್ಲೂ ಹೀಗಾಗುತ್ತದೆ, ಮೊದಲೇ ಗೊತ್ತಾಗಿದ್ದರೆ ಎರಡಕ್ಕೂ ಸೇರಿಸಿ ಔಷಧಿ ಕೊಟ್ಟು ಕಣ್ಣು ಉಳಿಸಲು ನೋಡಬಹುದಿತ್ತು ಎಂದರು. “ಹೊಟ್ಟೆ ವಿಷ್ಯ ಹಾಸನದ ಕಣ್ಣಿನ ಡಾಕ್ಟ್ರು ಕೇಳ್ನಿಲ್ವಾ?” ಎಂದು ನಿನ್ನಪ್ಪ ನನ್ನನ್ನು ಕೇಳಿದ.

“ಕೇಳ್ಲೇ ಇಲ್ಲ ಕಣಣ್ಣ” ಎಂದೆ.

ಅವತ್ತಿನಿಂದ ನಿನ್ನಪ್ಪ ಆ ಡಾಕ್ಟರಿಗೆ ಹಾಕದ ಶಾಪವಿಲ್ಲ. ಇನ್ನು ನೀನು ‘ನನ್ ಕಣ್ಣು ಯಾಕೆ ಇಂಗಾಯ್ತು’ ಎಂದು ಕೇಳಿದಾಗ — ಆಗಲೂ ನನ್ನ ನಾಲಿಗೆಯೇ ಮುಂದಾಯಿತು. ‘ನೀನು ಯಾವಾಗ್ಲೂ ಉಜ್ಕೋತಿದ್ದೆ, ಅದುಕ್ಕೇ’ ಎಂದೆ. ಮನೆಯವರೆಲ್ಲ ಅದನ್ನೇ ಹಿಡಿದುಕೊಂಡರು. ಅವತ್ತಿನಿಂದ ಕಣ್ಣು ತುರಿಸಿದರೆ ನೀನು ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂರುತ್ತೀಯ.

ಈ ಯುಗಾದಿಯಲ್ಲಿ ನನ್ನ ಮಗಳು ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ನೀನು ಓಡಿಬಂದು ಅವಳ ಕೈ ಹಿಡಿದುಕೊಂಡೆ. “ಉಜ್ಕೋಬೇಡ್ವೇ, ನನ್ ಥರ ಆಯ್ತೀಯ” ಎಂದೆ. ನಾನು ಒಬ್ಬಟ್ಟು ತಟ್ಟುತ್ತಾ ಅಲ್ಲೇ ಕೂತಿದ್ದೆ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಈಗ ಭಾನುವಾರ ಹಳೇಕೋಟೆ ಕಡೆಯವರು ನಿನ್ನನ್ನು ನೋಡಲು ಬರುತ್ತಾರೆ. ಮೊನ್ನೆ ನಿನ್ನಪ್ಪ ಫೋನ್ ಮಾಡಿದ.

“ಕಣ್ಣಿಗೇನಾಯ್ತು ಅಂತ ಕೇಳೇ ಕೇಳ್ತಾರೆ. ಚಿಕ್ಕೋಳಿದ್ದಾಗ ಚಿನ್ನಿದಾಂಡು ಆಡ್ವಾಗ ಚಿನ್ನಿ ಬಡೀತು ಅಂತ ಏಳ್ಬುಡು. ಹೊಟ್ಟೆ ವಿಷ್ಯ ಎತ್ಲೇಬ್ಯಾಡ. ನೀನೇಳುದ್ರೆ ನಂಬ್ತಾರೆ ಕಣವ್ವ.”

“ನಾನೇಳಲ್ಲ” ಎಂದೆ.

“ನಿನ್ ಮದ್ವೆಗೆ ನಾವೆಲ್ಲ ಬಾಯಿ ಮುಚ್ಕೊಂಡಿದ್ವಿ. ಅವಳ ಮದ್ವೆಗೆ ನೀನೊಂದು ಮಾತು ಆಡಕ್ಕಾಗಲ್ವಾ?”

ನನ್ನ ಮದುವೆಯ ಋಣವನ್ನು ಅದೇ ಸುಳ್ಳಿನಲ್ಲಿ ತೀರಿಸು ಎನ್ನುತ್ತಾನೆ. ಪಾಪ, ಅವನಿಗೇನು ಗೊತ್ತು, ನಾನು ಬಾಯಿ ಮುಚ್ಚಿದ್ದು ಯಾರ ಎದುರಿಗೆ ಎಂದು.

ನಿನ್ನೆ ನಿನ್ನ ಮಾವನಿಗೆ ಎಲ್ಲ ಹೇಳಿದೆ. ಊಟ ನಿಲ್ಲಿಸಿ ಕೂತರು. ಅವತ್ತು ನಿಜ ಹೇಳಿದ್ದರೆ ನಮ್ಮ ಮದುವೆ ಮುರಿಯುತ್ತಿತ್ತಾ ಎಂದು ಕೇಳಿದೆ. “ಮುರೀತಿತ್ತೇನೋ” ಎಂದರು. ಮುರಿಯಬೇಕಿತ್ತು. ಹೊಟ್ಟೆನೋವಿನ ಮಗುವನ್ನು ಬಚ್ಚಿಟ್ಟರೆ ಮಾತ್ರ ನಿಲ್ಲುವ ಮದುವೆ ಮುರಿದರೆ ಮುರಿಯಲಿ ಎಂದು ಅವತ್ತೇ ಅನ್ನುವ ಧೈರ್ಯ ನನಗಿರಬೇಕಿತ್ತು. ಇರಲಿಲ್ಲ. ಈಗಿದೆ. ಊರವರು ಏನಾದರೂ ಅಂದುಕೊಳ್ಳಲಿ. ಅನ್ನುವವರ ಬಾಯಿಗೆ ಹೆದರಿ ಏನು ಉಳಿಸಿಕೊಂಡೆ ಎಂದು ನೋಡಿಯಾಗಿದೆ.

ಕೇಳು. ನಿನ್ನ ಹೊಟ್ಟೆ, ನಿನ್ನ ಕಣ್ಣು, ನೀನು ನುಂಗುವ ಮಾತ್ರೆ — ಅದನ್ನು ಹಳೇಕೋಟೆಯವರಿಗೆ ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ನಿನ್ನ ಬಾಯನ್ನು ಒಂದು ಸಲ ಚಿವುಟಿ ಮುಚ್ಚಿಸಿದ್ದೇನೆ, ಇನ್ನೊಮ್ಮೆ ಅದರ ಪರವಾಗಿ ಮಾತಾಡುವುದಿಲ್ಲ. ಆದರೆ ಚಿನ್ನಿ ಬಡಿದ ಕಥೆ ನನ್ನ ಬಾಯಿಂದ ಬರುವುದಿಲ್ಲ. ಶನಿವಾರ ದುದ್ದಕ್ಕೆ ಬರುತ್ತೇನೆ. ಡಾಕ್ಟರು ಕೇಳಿದ್ದರು, ನಾನೇ ಇಲ್ಲ ಎಂದೆ ಎಂದು ನಿನ್ನಪ್ಪ ನಿನ್ನಮ್ಮನ ಎದುರು ನಿಂತು ಹೇಳುತ್ತೇನೆ. ಬೈಯುವುದಿದ್ದರೆ ನನ್ನನ್ನು ಬೈಯಲಿ, ಆ ಡಾಕ್ಟರನ್ನು ಬಿಡಲಿ. ಮನೆಗೆ ಬರಬೇಡ ಎಂದರೆ ಅದಕ್ಕೂ ಸಿದ್ಧವಾಗಿಯೇ ಬರುತ್ತಿದ್ದೇನೆ. ನೀನೂ ಹಾಗೆ ಅಂದರೆ — ಅನ್ನು. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.

ಒಂದು ಮಾತ್ರ ನಡೆಸಿಕೊಡು. ಇನ್ನು ಮೇಲೆ ಕಣ್ಣು ತುರಿಸಿದರೆ ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂರಬೇಡ. ಉಜ್ಜಿಕೋ ಕಂದ. ಅದು ನಿನ್ನ ಕೈ ಮಾಡಿದ್ದಲ್ಲ.