ಹಾಡಿಬೆಟ್ಟಿನ ತೋಡಿಗೆ ಎರಡು ಕಾಯಿಲೆ

ಕೊರೊನಾದ ಎರಡನೆಯ ಅಲೆ ಇಳಿದ ಮರುವರ್ಷ ನನಗೆ ಬೈಂದೂರು ತಾಲೂಕಿನ ಒಂದು ಗ್ರಾಮ ಪಂಚಾಯಿತಿಗೆ ವರ್ಗವಾಯಿತು. ಹುದ್ದೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಜನರ ಬಾಯಲ್ಲಿ ಪಿಡಿಒ. ನಿವೃತ್ತಿಗೆ ಮುಂಚೆ ನನ್ನ ಕೊನೆಯ ಊರು ಅದು. ಬ್ರಹ್ಮಾವರದ ಮನೆಯಿಂದ ದಿನವೂ ಹೋಗಿಬರುವುದು ಕಷ್ಟವೆಂದು ಬಿಜೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಉಳಿದ ದಿನಗಳು ತೆರಿಗೆ ವಸೂಲಿ, ಬೀದಿದೀಪ, ಗ್ರಾಮಸಭೆ ಅಂತ ಸದ್ದಿಲ್ಲದೆ ಮುಗಿಯುತ್ತವೆ ಎಂದುಕೊಂಡಿದ್ದೆ. ಹಾಡಿಬೆಟ್ಟಿನ ತೋಡು ಹಾಗಾಗಲು ಬಿಡಲಿಲ್ಲ.

ತೋಡು ಎಂದರೆ ನಮ್ಮ ಕಡೆ ಸಣ್ಣ ಹಳ್ಳ. ಹಾಡಿಬೆಟ್ಟಿನ ತೋಡು ಮೇಲಿನ ಗುಡ್ಡದಲ್ಲಿ ಹುಟ್ಟಿ, ಗದ್ದೆ ಬಯಲಿನ ನಡುವೆ ಇಳಿದು, ಒಂದು ಕುಚ್ಚಲಕ್ಕಿ ಮಿಲ್ಲಿನ ಮಗ್ಗುಲಿಗೆ ತಾಗಿಕೊಂಡು ಹರಿದು, ಕೊನೆಗೆ ಮೀನುಗಾರರ ಕೇರಿಯ ಪಕ್ಕದಿಂದ ಉಪ್ಪುನೀರಿನ ಹೊಳೆಗೆ ಸೇರುತ್ತದೆ. ಕೇರಿಯ ಗಂಡಸರು ಬೋಟಿಗೆ ಹೋಗುವವರು. ಹೆಂಗಸರಲ್ಲಿ ಕೆಲವರು ಮೀನು ಮಾರುತ್ತಿದ್ದರು, ಕೆಲವರು ಕಡಲ ಇಳಿತದ ಹೊತ್ತಿಗೆ ತೋಡಿನ ಬಾಯಲ್ಲಿ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಾವಿಗಳು ತೋಡಿನ ದಂಡೆಯಲ್ಲೇ.

ನಾನು ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಗಲಾಟೆ. ಏಳೆಂಟು ಹೆಂಗಸರು ಒಳಗೆ ನುಗ್ಗಿದರು. ಮುಂದೆ ನಿಂತವರು ಗಿರಿಜಕ್ಕ; ಮೀನು ಮಾರಿ ಗಂಟಲು ಗಟ್ಟಿಯಾದ, ಐವತ್ತು ದಾಟಿದ ಹೆಂಗಸು. ಕೈಯಲ್ಲಿದ್ದ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಬಾಯಿ ತೆರೆದು ಸತ್ತ ಮರುವಾಯಿ. ಆ ನಾತಕ್ಕೆ ಬಿಲ್ ಕಲೆಕ್ಟರ್ ಎದ್ದು ಹೊರಗೆ ಹೋದ.

"ಕಾಣಿ ಮೇಡಂ. ತೋಡ್ ಸತ್ತ್ ಹೋಯ್ತ್. ಶೆಟ್ರ ಮಿಲ್ಲಿನ್ ನೀರ್ ಬಂದ್ ಬಂದ್ ಕಪ್ಪ್ ಆಯ್ತ್. ನನ್ ಸೊಸಿ ಬಸ್ರಿ, ಕಾಮಾಲೆ ಆಯ್ ಆಸ್ಪತ್ರೆಲಿ ಮಲ್ಗಿದ್ಲ್. ನೀವ್ ಎಂತ ಮಾಡ್ತ್ರಿ ಹೇಳಿ."

ಕೇರಿಯಲ್ಲಿ ಆಗಲೇ ಹಲವರಿಗೆ ಕಾಮಾಲೆ ಇತ್ತು. ಬಸುರಿಯರಿಗೆ ಕೆಲವು ಬಗೆಯ ಕಾಮಾಲೆ ಎಷ್ಟು ಅಪಾಯವೆಂದು ಆಸ್ಪತ್ರೆಯ ವೈದ್ಯರು ಫೋನಿನಲ್ಲಿ ವಿವರಿಸಿದರು. ಆ ದಿನವೇ ಬಾವಿ ನೀರು ಕುಡಿಯಬಾರದೆಂದು ಮೈಕಿನಲ್ಲಿ ಹೇಳಿಸಿ, ಟ್ಯಾಂಕರ್ ತರಿಸಿದೆವು.

ಮಧ್ಯಾಹ್ನದ ಹೊತ್ತಿಗೆ ಗಿರಿಜಕ್ಕನ ಗುಂಪು ಮಿಲ್ಲಿನ ಗೇಟಿನ ಎದುರು ಕೂತಿತ್ತು. ಭತ್ತದ ಲಾರಿಗಳು ರಸ್ತೆಯಲ್ಲೇ ನಿಂತವು. ಮಾಲೀಕರಾದ ರಾಜೀವ ಶೆಟ್ರು ನನ್ನನ್ನು ಕಂಡೊಡನೆ ಸಿಡಿದರು.

"ನನ್ನಪ್ಪಯ್ಯನ ಕಾಲ್ದಿಂದ ಇದೇ ತೋಡಿಗೆ ನೀರ್ ಬಿಟ್ಟದ್. ಆಗ ಯಾರಿಗೂ ಎಂತದೂ ಆಯಿಲ್ಲೆ. ಈಗ ಎಲ್ಲಾ ನನ್ ತಲಿಗ್ ಕಟ್ಟುಕೆ ಬಂದ್ರಿಯಾ?"

ಕುಚ್ಚಲಕ್ಕಿ ಮಾಡುವಾಗ ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ ಬೇಯಿಸುತ್ತಾರೆ. ಉಳಿಯುವ ಕಂದು ನೀರಿನಲ್ಲಿ ಪಿಷ್ಟ ತುಂಬಿರುತ್ತದೆ. ಅಪ್ಪನ ಕಾಲದಲ್ಲಿ ಸಣ್ಣ ಮಿಲ್ಲು, ತುಂಬಿ ಹರಿಯುವ ತೋಡು. ಈಗ ಮಿಲ್ಲು ದೊಡ್ಡದಾಗಿತ್ತು, ಬೇಸಿಗೆಯ ತೋಡು ಸೊರಗಿತ್ತು. ಅದನ್ನು ಹೇಳಲು ಹೊರಟರೆ ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ.

ನೋಟಿಸ್ ಕೊಟ್ಟು ಮಿಲ್ಲು ನಿಲ್ಲಿಸಿ, ಮೇಲಿನವರಿಗೆ ವರದಿ ಬರೆದು ಕೈತೊಳೆದುಕೊಳ್ಳುವ ದಾರಿ ನನಗಿತ್ತು. ಊರೂ ಅದನ್ನೇ ಕೇಳುತ್ತಿತ್ತು. ಆದರೆ ಒಂದು ಅನುಮಾನ ನನ್ನನ್ನು ಬಿಡಲಿಲ್ಲ. ಭತ್ತ ನೆನೆಸಿದ ನೀರಿನಿಂದ ಮೀನು ಸಾಯಬಹುದು. ಕಾಮಾಲೆ ಹೇಗೆ ಬರುತ್ತದೆ? ನೀರು ಪರೀಕ್ಷಿಸುವ ಪ್ರಯೋಗಾಲಯದ ಮೈಕ್ರೋಬಯಾಲಜಿಸ್ಟ್ ಒಬ್ಬರನ್ನು ಕೇಳಿದೆ. ಎಳೆಯ ವಯಸ್ಸಿನ ಆ ಹೆಣ್ಣುಮಗಳು, "ಮೇಲಿನಿಂದ ಕೆಳಗಿನವರೆಗೆ ಒಂದೊಂದು ಕಡೆಯೂ ನೀರು ತೆಗೆಯೋಣ ಮೇಡಂ, ತೋಡೇ ಹೇಳುತ್ತದೆ" ಎಂದರು.

ಸ್ಯಾಂಪಲ್ ತೆಗೆಯುವಾಗ ಎರಡೂ ಕಡೆಯವರು ಜೊತೆಗಿರಬೇಕೆಂದು ನಾನು ಹಟ ಹಿಡಿದೆ. ಹಾಗಾಗಿ ಗಿರಿಜಕ್ಕನೂ ಶೆಟ್ರೂ ಒಬ್ಬರ ಮುಖ ಒಬ್ಬರು ನೋಡದೆ ನಮ್ಮ ಹಿಂದೆ ಗುಡ್ಡದ ಬುಡದಿಂದ ತೋಡಿನ ಬಾಯಿಯವರೆಗೆ ನಡೆದರು. ಮಿಲ್ಲಿನ ಮೇಲೆ, ಮಿಲ್ಲಿನ ಕೆಳಗೆ, ಕೇರಿಯ ಮೇಲೆ, ಕೇರಿಯ ಕೆಳಗೆ, ಆಮೇಲೆ ಬಾವಿಗಳು. ಬಾಟಲಿಗಳು ಐಸ್ ಪೆಟ್ಟಿಗೆಯಲ್ಲಿ ಅದೇ ದಿನ ಪ್ರಯೋಗಾಲಯ ಸೇರಿದವು.

ಎರಡು ಪರೀಕ್ಷೆಗಳ ಬಗ್ಗೆ ಇಲ್ಲಿ ಹೇಳಬೇಕು. ಒಂದು, ನೀರಿನಲ್ಲಿ ಕರಗಿದ ಆಮ್ಲಜನಕ. ಪಿಷ್ಟದಂಥ ಕೊಳೆಯುವ ವಸ್ತು ಹೆಚ್ಚಾದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಉಸಿರನ್ನೆಲ್ಲ ಎಳೆದುಕೊಳ್ಳುತ್ತವೆ. ಮೀನು, ಚಿಪ್ಪು ಉಸಿರುಗಟ್ಟಿ ಸಾಯುತ್ತವೆ. ಇನ್ನೊಂದು, ಇ-ಕೋಲೈ ಎಂಬ ಬ್ಯಾಕ್ಟೀರಿಯಾ. ಇದು ಮನುಷ್ಯರ ಮತ್ತು ದನಕರುಗಳ ಹೊಟ್ಟೆಯಲ್ಲಿ ಇರುವಂಥದು. ನೀರಿನಲ್ಲಿ ಇದು ಕಂಡರೆ ಮಲ ಸೇರಿದೆ ಎಂದೇ ಅರ್ಥ. ಮಲ ಸೇರಿದ ನೀರಿನಲ್ಲೇ ಕಾಮಾಲೆಯ ವೈರಸ್ಸೂ ಬರುತ್ತದೆ.

ವರದಿ ಬಂತು. ಮಿಲ್ಲಿನ ಕೆಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮರುವಾಯಿ ಸತ್ತದ್ದು ಶೆಟ್ರ ನೀರಿನಿಂದಲೇ. ಆದರೆ ಇ-ಕೋಲೈ ಮಿಲ್ಲಿನ ಹತ್ತಿರ ಅಲ್ಪಸ್ವಲ್ಪ ಇತ್ತು, ಅದೂ ಮೇಲಿನ ಮನೆಗಳ ದನದ ಹಟ್ಟಿಗಳದ್ದಿರಬಹುದು. ಕೇರಿಯ ಪಕ್ಕಕ್ಕೆ ಬರುತ್ತಲೇ ಅದು ಏರಿತ್ತು. ಬಾವಿಗಳಲ್ಲೂ ಅದೇ ಕಥೆ. ತೋಡಿಗೆ ಒಂದಲ್ಲ, ಎರಡು ಕಾಯಿಲೆ. ಒಂದನ್ನು ಮಿಲ್ಲು ಕೊಟ್ಟಿತ್ತು, ಇನ್ನೊಂದನ್ನು ಮನೆಗಳು. ಕೇರಿಯಲ್ಲಿ ಶೌಚಾಲಯದ ಗುಂಡಿ ತೋಡಲು ಜಾಗವಿರಲಿಲ್ಲ. ಎರಡಡಿ ಅಗೆದರೆ ನೀರು. ಹಲವರು ಪೈಪನ್ನು ಸೀದಾ ತೋಡಿಗೆ ಬಿಟ್ಟಿದ್ದರು.

ವಿಶೇಷ ಗ್ರಾಮಸಭೆ ಕರೆದೆವು. ಶಾಲೆಯ ಸಭಾಂಗಣ ತುಂಬಿ ಜನ ಅಂಗಳದಲ್ಲೂ ನಿಂತಿದ್ದರು. ವರದಿಯ ಮೊದಲ ಭಾಗ ಓದಿದಾಗ ಚಪ್ಪಾಳೆ ಬಿತ್ತು. ಶೆಟ್ರು ತಲೆ ತಗ್ಗಿಸಿದರು. ಎರಡನೆಯ ಭಾಗ ಓದುತ್ತಿದ್ದಂತೆ ಸಭೆ ಗದ್ದಲವಾಯಿತು. ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು:

"ಶೆಟ್ರ ಮನಿ ಚಾ ಕುಡ್ದ್ ಬಂದ್ ಹೇಳ್ತ್ರಿಯಾ ಮೇಡಂ?"

ಇನ್ನೂ ಕೆಲವರು ಅದಕ್ಕೆ ದನಿಗೂಡಿಸಿದರು. ಇಡೀ ಸರ್ವಿಸ್ಸಿನಲ್ಲಿ ಅಂಥ ಮಾತು ಕೇಳಿರಲಿಲ್ಲ. ಪಂಚಾಯಿತಿ ಅಧ್ಯಕ್ಷರು ಸಭೆ ಮುಂದೂಡೋಣ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಗ ಗಿರಿಜಕ್ಕ ಎದ್ದರು.

"ಹ್ವಾಯ್, ಒಂಚೂರ್ ಸುಮ್ನಿರಿ ಕಾಂಬ. ಮೇಡಂ ಹೇಳದ್ದ್ ಸುಳ್ಳಲ್ಲ. ನಮ್ಮನಿ ಪೈಪೂ ತೋಡಿಗೇ ಇತ್ತ್. ಜಾಗ ಇಲ್ದೆ ಮಾಡದ್, ಆದ್ರೂ ಇತ್ತ್. ನನ್ ಸೊಸಿ ಆ ಬಾವಿ ನೀರ್ ಕುಡ್ದೇ ಮಲ್ಗದ್. ಅವ್ಳ್ ಬದ್ಕಿ ಬಪ್ಪುದೇ ಹೌದಾರೆ ಅದೇ ನೀರ್ ಮತ್ತೆ ಕುಡ್ಸುದಾ?"

ಅವರು ನನ್ನ ಕಡೆ ತಿರುಗಿದರು.

"ನಾಳೆ ಬನ್ನಿ ಮೇಡಂ. ನಮ್ಮನಿದೇ ಮೊದ್ಲ್ ಕಾಣಿ."

ಆ ಹೊತ್ತಿಗೆ ಅವರ ಸೊಸೆ ಸುಮಿತ್ರಾ ಇನ್ನೂ ಐಸಿಯುನಲ್ಲಿದ್ದಳು. ಬದುಕಿ ಬರುವಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಂಥ ದಿನ, ಊರೆಲ್ಲ ಕೂತ ಕಡೆ, ತನ್ನ ಮನೆಯ ನೀರೂ ಆ ವಿಷದಲ್ಲಿ ಸೇರಿದೆ ಎಂದು ಹೇಳಲು ಎಂಥ ಎದೆ ಬೇಕು! ನನ್ನ ವೃತ್ತಿಯಲ್ಲಿ ನಾನು ಯಾರಿಗಾದರೂ ಮನಸ್ಸಿನಲ್ಲೇ ಕೈಮುಗಿದಿದ್ದರೆ ಅದು ಆ ಸಂಜೆ.

ಮರುದಿನ ಗಿರಿಜಕ್ಕನ ಮನೆಗೆ ಹೋದಾಗ ಅಕ್ಕಪಕ್ಕದವರು ತಾವಾಗಿಯೇ ಕರೆದು ತಮ್ಮ ಪೈಪುಗಳನ್ನೂ ತೋರಿಸಿದರು. ಆದರೆ ಪೈಪು ಕಿತ್ತರೆ ಆಯಿತೇ? ಆ ನೀರು ಹೋಗುವುದೆಲ್ಲಿಗೆ? ಎಲ್ಲ ಮನೆಗಳಿಗೂ ಸೇರಿ ಒಂದು ದೊಡ್ಡ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಅಲ್ಲಿಂದ ಬರುವ ನೀರನ್ನು ಗಿಡ ನೆಟ್ಟ ಜಲ್ಲಿ ತೊಟ್ಟಿಯಲ್ಲಿ ಸೋಸಬಹುದು ಎಂದು ಜೂನಿಯರ್ ಎಂಜಿನಿಯರ್ ಹೇಳಿದರು. ಸ್ವಚ್ಛತಾ ಯೋಜನೆಯ ಅನುದಾನ ಸಿಗುತ್ತಿತ್ತು. ಸಿಗದಿದ್ದದ್ದು ಜಾಗ. ನೀರು ನಿಲ್ಲದ ಎತ್ತರದ ಜಾಗ ಆ ಸುತ್ತಿನಲ್ಲಿ ಒಂದೇ ಇತ್ತು, ಮಿಲ್ಲಿನ ಹಿಂದಿನ ಖಾಲಿ ನೆಲ. ಶೆಟ್ರದ್ದು.

ಯಾರು ಕೇಳಬೇಕು? ನಾನು ಕೇಳುತ್ತೇನೆ ಎಂದೆ. ಗಿರಿಜಕ್ಕ ಒಪ್ಪಲಿಲ್ಲ.

"ಗೇಟಿಗ್ ಕೂತದ್ದ್ ನಾನ್. ನಾನೇ ಬತ್ತೆ."

ಇಬ್ಬರೂ ಮಿಲ್ಲಿಗೆ ಹೋದೆವು. ಶೆಟ್ರು ಕುರ್ಚಿ ತೋರಿಸಿದರು. ಗಿರಿಜಕ್ಕ ಕೂರಲಿಲ್ಲ.

"ಶೆಟ್ರೆ, ನಿಮ್ ಗೇಟ್ ಮುಚ್ಚದ್ದ್ ನಾನೇ. ಬೈದದ್ದೂ ನಾನೇ. ಈಗ ನಿಮ್ ಹತ್ರ ಜಾಗ ಕೇಂಬುಕೆ ಬಂದೆ. ಇಲ್ಲೆ ಅಂದ್ರೂ ನಂಗ್ ಬೇಜಾರಿಲ್ಲೆ."

ಶೆಟ್ರು, "ಸೊಸಿ ಹೆಂಗಿದ್ಲ್ ಈಗ?" ಎಂದು ಕೇಳಿದರು.

"ನಿನ್ನೆ ಕಣ್ಣ್ ಬಿಟ್ಲ್. ಡಾಕ್ಟ್ರ್ ಇನ್ನೂ ಎಂತ ಹೇಳ್ಲಿಲ್ಲೆ."

"ಸಭೆಲಿ ನೀವ್ ಹಂಗ್ ಎದ್ದ್ ಹೇಳದ್ದ್ ಕೇಂಡ್ ನಂಗೆ ನಿದ್ರಿ ಬರ್ಲಿಲ್ಲೆ ಗಿರಿಜಕ್ಕ. ನನ್ ನೀರೂ ಸಮ ಇಲ್ಲೆ ಅಂತ ನಂಗೂ ಗೊತ್ತಿತ್ತ್." ಅವರು ನನ್ನ ಕಡೆ ನೋಡಿದರು. "ಹಿಂದಿನ ಜಾಗದಗೆ ಅರ್ಧ ಕೇರಿಗೆ ತಕಣಿ ಮೇಡಂ. ಉಳ್ದರ್ಧದಗೆ ನನ್ ಟ್ಯಾಂಕೂ ಆಯ್ಲಿ. ಎರಡೂ ಒಟ್ಟಿಗೇ ಕಟ್ಟುವ."

ಆಮೇಲೆ ಗಿರಿಜಕ್ಕ ಕುರ್ಚಿಯಲ್ಲಿ ಕೂತರು. ಮೂವರೂ ಚಹಾ ಕುಡಿದೆವು. ಹಿಂದಿನ ಸಾಲಿನ ಆ ಮನುಷ್ಯನ ಮಾತು ನೆನಪಾಗಿ ನನಗೆ ನಗು ಬಂತು.

ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯಿತು. ಕೇರಿಯ ನೀರನ್ನು ಸಣ್ಣ ಪಂಪಿನಿಂದ ಮೇಲಕ್ಕೆತ್ತಿ ಟ್ಯಾಂಕಿಗೆ, ಅಲ್ಲಿಂದ ಕಾಬಾಳೆ ಗಿಡ ನೆಟ್ಟ ಜಲ್ಲಿ ತೊಟ್ಟಿಗೆ. ಮಿಲ್ಲಿನ ನೀರು ಮುಚ್ಚಿದ ತೊಟ್ಟಿಯಲ್ಲಿ ಕೊಳೆತು ಉರಿಸುವ ಗ್ಯಾಸ್ ಕೊಟ್ಟಿತು. ತಿಳಿಯಾದದ್ದು ಶೆಟ್ರ ತೆಂಗಿನ ತೋಟಕ್ಕೆ ಹೋಯಿತು. ಮೇಲಿನ ಮನೆಗಳವರು ಹಟ್ಟಿಯ ನೀರಿಗೆ ಗುಂಡಿ ತೋಡಿಕೊಂಡರು.

ಎಲ್ಲ ಸರಿಯಾಯಿತು ಎಂದುಕೊಳ್ಳುವಾಗ ಆಷಾಢದ ಮಳೆ ಬಡಿಯಿತು. ಗುಡ್ಡದ ಮಣ್ಣು ಇಳಿದು ಜಲ್ಲಿ ತೊಟ್ಟಿ ಮುಚ್ಚಿಹೋಯಿತು, ಪಂಪ್ ಸುಟ್ಟಿತು. ಒಂದೆರಡು ಮನೆಯವರು ಹಳೆಯ ಪೈಪನ್ನು ಮತ್ತೆ ತೋಡಿಗೆ ತಿರುಗಿಸಿದರು. ಬಾವಿಯ ಪರೀಕ್ಷೆ ಮತ್ತೆ ಫೇಲ್. ಗಿರಿಜಕ್ಕ ಕೊಡೆ ಹಿಡಿದು ಆ ಮನೆಗಳ ಬಾಗಿಲಿಗೆ ಹೋದರು. ಅಲ್ಲಿ ಏನು ಹೇಳಿದರೋ ಗೊತ್ತಿಲ್ಲ. ಪೈಪುಗಳು ಅಂದೇ ಸರಿಯಾದವು. ಶೆಟ್ರು ಮಿಲ್ಲಿನ ಆಳುಗಳನ್ನು ಕಳಿಸಿ ಮಣ್ಣು ತೆಗೆಸಿ, ತೊಟ್ಟಿಯ ಸುತ್ತ ಕೆಂಪುಕಲ್ಲಿನ ಗೋಡೆ ಎತ್ತರಿಸಿದರು.

ಸುಮಿತ್ರಾ ಆಸ್ಪತ್ರೆಯಿಂದ ಮರಳಿದಳು, ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಹೆಣ್ಣುಮಗು ಹುಟ್ಟಿತು. ಆ ವರ್ಷದ ಕೊನೆಗೆ ಬಾವಿಗಳ ವರದಿಯಲ್ಲಿ ಇ-ಕೋಲೈ ಇಲ್ಲ ಎಂದು ಬಂತು. ತೋಡಿನ ಬಾಯಲ್ಲಿ ಜೀವ ಮರಳಲು ಇನ್ನೂ ತಡವಾಯಿತು. ನೀರು ತಿಳಿಯಾದರೂ ತಳದ ಕೆಸರು ಶುದ್ಧವಾಗಲು ಮಳೆಗಾಲಗಳೇ ಬೇಕು. ಹೆಂಗಸರು ಅಲ್ಲಿ ಮತ್ತೆ ಇಳಿದದ್ದು ನಾನು ನಿವೃತ್ತಳಾದ ಮೇಲೆ.

ಈಗ ಆಗೊಮ್ಮೆ ಈಗೊಮ್ಮೆ ಹೊಸ ಪಿಡಿಒಗಳ ತರಬೇತಿಗೆ ನನ್ನನ್ನು ಕರೆಯುತ್ತಾರೆ. ತಪ್ಪಿತಸ್ಥರು ಯಾರೆಂದು ಊರು ಮೊದಲೇ ತೀರ್ಮಾನಿಸಿದ್ದರೂ ನೀರನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಿ, ಅದು ಹೇಳಿದ್ದನ್ನು ಪೂರ್ತಿ ಓದಿ ಎನ್ನುತ್ತೇನೆ. ನೋಟಿಸಿನಿಂದ ಗೇಟು ಮುಚ್ಚಿಸಬಹುದು. ತೋಡು ಶುದ್ಧವಾಗಬೇಕಾದರೆ, ಇದರಲ್ಲಿ ನನ್ನ ಪಾಲೂ ಇದೆ ಎಂದು ಯಾರಾದರೊಬ್ಬರು ಮೊದಲು ಎದ್ದು ಹೇಳಬೇಕು ಎನ್ನುತ್ತೇನೆ.

ಕಳೆದ ಸಲ ಶಿರೂರಿನ ಕಡೆಯ ಒಬ್ಬ ಹುಡುಗಿ ಕೇಳಿದಳು: "ಹಾಗೆ ಹೇಳುವವರು ಯಾರೂ ಸಿಗದಿದ್ದರೆ ಮೇಡಂ?"

ನನಗೆ ಗಿರಿಜಕ್ಕ ಸಿಕ್ಕಿದ್ದರು. ಅಷ್ಟನ್ನೇ ಹೇಳಿದೆ.